ಹಿರಿಯರ ನಿಶ್ಶಕ್ತಿಗೆ ನಿಧಾನ ವ್ಯಾಯಾಮವೇ ಆಸರೆ. ಪುಡಿ, ಮಾತ್ರೆ ಪೂರಕ ಮಾತ್ರ

ಕುಂದಾಪುರ: ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಬಾವಿಕಟ್ಟೆ, ಬಚ್ಚಲುಮನೆಯ ಮೆಟ್ಟಿಲು ಇವೆಲ್ಲ ಹಿರಿಯರು ಜಾರಿ ಬೀಳುವ ಸ್ಥಳಗಳು. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ರಾಷ್ಟ್ರಗಳನ್ನು ಸೇರಿ, ವೃದ್ಧ ದಂಪತಿ ಮಾತ್ರ ಉಳಿದಿರುವ ಮನೆಗಳಿವೆ. ಅಂತಹ ಮನೆಯಲ್ಲಿ ಒಬ್ಬರ ಸೊಂಟದ ಮೂಳೆ ಮುರಿದರೆ ಇಬ್ಬರ ಬದುಕೂ ಪರಾವಲಂಬಿಯಾಗುತ್ತದೆ. ಜಾರಿದಾಗ ಮೈ ಸಾವರಿಸಿಕೊಳ್ಳುವ ಬಲ ಕಾಲುಗಳಲ್ಲಿ ಉಳಿದಿದೆಯೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಐದು ಲಕ್ಷಣಗಳು

ಈ ಬಲಹೀನತೆಯನ್ನು ವೈದ್ಯರು ‘ಫ್ರೇಲ್ಟಿ’ ಎಂದು ಕರೆಯುತ್ತಾರೆ. ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ ಐದು ಲಕ್ಷಣಗಳನ್ನು ನಿಗದಿಪಡಿಸಿದರು: ಪ್ರಯತ್ನಿಸದೆಯೇ ವರ್ಷದಲ್ಲಿ ಸುಮಾರು 4.5 ಕಿಲೋ ತೂಕ ಇಳಿಯುವುದು, ಸದಾ ದಣಿವು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಚಟುವಟಿಕೆ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಲಕ್ಷಣಗಳಿದ್ದರೆ ಫ್ರೇಲ್ಟಿ. ಒಂದೆರಡು ಇದ್ದರೆ ಅದರ ಮುನ್ಸೂಚನೆ. ‘ವಯಸ್ಸಾಯಿತು, ಇನ್ನೇನು’ ಎಂದು ಸುಮ್ಮನಿರುವುದು ಸರಿಯಲ್ಲ. ಈ ಹಂತದಲ್ಲಿ ಎಚ್ಚೆತ್ತುಕೊಂಡರೆ ಚೇತರಿಕೆ ಸಾಧ್ಯ.

ಚೀನಾದ ನಿಧಾನ ಚಲನೆ

ಚೀನಾದ ಸಮರಕಲೆಯಿಂದ ಬೆಳೆದ ‘ತೈ ಚಿ’ ವ್ಯಾಯಾಮವನ್ನು ಯುನೆಸ್ಕೊ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊಣಕಾಲನ್ನು ತುಸು ಬಾಗಿಸಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ವರ್ಗಾಯಿಸುವುದು ಇದರ ತಿರುಳು. ಇದರಿಂದ ತೊಡೆ ಹಾಗೂ ಪಾದದ ಗಂಟಿನ ಬಲ ಹೆಚ್ಚುತ್ತದೆ, ಸಮತೋಲನ ಸುಧಾರಿಸುತ್ತದೆ. ಇದಕ್ಕಿಂತ ಸರಳವಾದ ‘ಬಾ ದುವಾನ್ ಜಿನ್’ ಎಂಬ ಎಂಟು ಚಲನೆಗಳ ಸರಣಿಯನ್ನು ನಿಂತಲ್ಲೇ ಮಾಡಬಹುದು.

ಅಮೆರಿಕದಲ್ಲಿ 70 ದಾಟಿದ, ಬೀಳುವ ಅಪಾಯವಿದ್ದ 670 ಮಂದಿಯ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ಬಾರಿಯಂತೆ 24 ವಾರ ತೈ ಚಿ ಆಧಾರಿತ ತರಬೇತಿ ಪಡೆದವರು, ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಶೇ. 58ರಷ್ಟು ಕಡಿಮೆ ಬಾರಿ ಬಿದ್ದಿದ್ದರು.

ತೈ ಚಿ ಕಲಿಸುವವರು ಸಮೀಪದಲ್ಲಿ ಸಿಗದಿದ್ದರೆ ಚಿಂತೆ ಬೇಡ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಯ ಆಸರೆಯಲ್ಲಿ ಒಂಟಿ ಕಾಲಲ್ಲಿ ನಿಲ್ಲುವುದು ಇದೇ ದಾರಿಯ ಅಭ್ಯಾಸಗಳು. ಸಮತೋಲನ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ವಾರಕ್ಕೆ ಕನಿಷ್ಠ ಮೂರು ದಿನ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ.

ಡಬ್ಬಿಯ ಪುಡಿ ಸಾಕೇ?

ಊರಿಗೆ ಬರುವ ಮಕ್ಕಳು ಪ್ರೊಟೀನ್ ಪುಡಿಯ ಡಬ್ಬಿ ತರುವುದುಂಟು. ಬಾಸ್ಟನ್‌ನ ವೃದ್ಧಾಶ್ರಮವೊಂದರ 100 ಮಂದಿಯ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಗಮನಾರ್ಹ. ಅವರ ಸರಾಸರಿ ವಯಸ್ಸು 87. ಹತ್ತು ವಾರ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲ ದುಪ್ಪಟ್ಟಿಗೂ ಹೆಚ್ಚಾಯಿತು. ವ್ಯಾಯಾಮವಿಲ್ಲದೆ ಪೂರಕ ಆಹಾರವನ್ನಷ್ಟೇ ಪಡೆದವರ ದೌರ್ಬಲ್ಯ ಕಡಿಮೆಯಾಗಲಿಲ್ಲ.

ಹಾಗೆಂದು ಆಹಾರ ಗೌಣವಲ್ಲ. ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು ಎಂಬುದು ತಜ್ಞರ ಅಭಿಮತ. 50 ಕಿಲೋ ತೂಗುವವರಿಗೆ ಇದು 50ರಿಂದ 60 ಗ್ರಾಂ. ರಾತ್ರಿ ಗಂಜಿ, ಉಪ್ಪಿನಕಾಯಿಯಿಂದ ಇದು ದೊರೆಯದು. ಗಂಜಿಯೊಡನೆ ಹೆಸರುಕಾಳಿನ ಪಲ್ಯ, ಮೊಸರು, ಮೊಟ್ಟೆ ಅಥವಾ ಬಂಗುಡೆ, ಬೂತಾಯಿ ಮೀನು ಇದ್ದರೆ ಕೊರತೆ ತುಂಬುತ್ತದೆ. ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ಹೆಚ್ಚಿಸಬೇಕು.

ವಿಟಮಿನ್ ‘ಡಿ’ ಹೆಚ್ಚಾದಷ್ಟೂ ಒಳ್ಳೆಯದೆಂಬುದು ತಪ್ಪು. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಪಡೆದ ವೃದ್ಧೆಯರು ಇತರರಿಗಿಂತ ಹೆಚ್ಚು ಬಾರಿ ಬಿದ್ದರೆಂದು 2010ರ ಅಧ್ಯಯನ ತಿಳಿಸಿದೆ. ಮಧುಮೇಹಕ್ಕೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಕುಸಿಯಬಹುದು. ರಕ್ತ ಪರೀಕ್ಷೆ ಅಗತ್ಯ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಜಿನ್ಸೆಂಗ್ ಮುಂತಾದ ಗಿಡಮೂಲಿಕೆ ಮಾತ್ರೆಗಳನ್ನು ಸ್ವತಃ ಆರಂಭಿಸಬಾರದು.

ಆರಂಭಿಸುವ ಮುನ್ನ

ಎದೆನೋವು, ತಲೆಸುತ್ತು ಇರುವವರು, ಇತ್ತೀಚೆಗೆ ಬಿದ್ದವರು ಮೊದಲು ಸಮೀಪದ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಮೊದಲ ವಾರಗಳಲ್ಲಿ ಮನೆಯವರೊಬ್ಬರು ಪಕ್ಕದಲ್ಲಿರಲಿ. ಅಂಗಳದ ಪಾಚಿ ಕೆರೆಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಊರಿಗೆ ಬಂದ ಮಕ್ಕಳು ಪುಡಿಯ ಡಬ್ಬಿಯೊಂದಿಗೆ ದಿನಕ್ಕೆ ಹತ್ತು ನಿಮಿಷ ಹಿರಿಯರ ಜತೆ ನಿಂತು ಈ ಅಭ್ಯಾಸ ಮಾಡಿಸಿದರೆ ಹೆಚ್ಚು ಪ್ರಯೋಜನವಾದೀತು.