ಮರಳು ಎತ್ತಿದರೆ ಹೊಳೆಯ ತಳಕ್ಕೆ ಆಗುವುದೇನು?

ನೀರಿನ ತಳದ ಮೇಲೋ ಒಳಗೋ ಬದುಕುವ ಪ್ರಾಣಿಗಳಿಗೆ ತಳಜೀವಿಗಳು ಎಂದು ಹೆಸರು. ಕಡಲಿನಲ್ಲಿ ಇವುಗಳಿಗೆ ದೊಡ್ಡ ಪೆಟ್ಟು ಕೊಡುವುದು ಟ್ರಾಲ್ ಬಲೆ. ಮಲ್ಪೆ, ಮಂಗಳೂರಿನ ಟ್ರಾಲ್ ದೋಣಿಗಳು ಎಳೆಯುವ ಬಲೆ ತಳವನ್ನು ಕೆರೆದು, ಚಿಪ್ಪುಜೀವಿ, ಹುಳು, ಏಡಿಗಳನ್ನು ಮೀನಿನ ಜೊತೆಗೇ ಬಾಚುತ್ತದೆ. ಒಳನಾಡಿನಲ್ಲಿ ಅಂಥದೇ ಪೆಟ್ಟು ಕೊಡುವುದು ಮರಳುಗಾರಿಕೆ. ನಂಜನಗೂಡಿನ ಕಪಿಲೆ (ಕಬಿನಿ), ತಿರುಮಕೂಡಲು ನರಸೀಪುರದ ಕಾವೇರಿ ಎರಡೂ ಆ ಪೆಟ್ಟನ್ನು ವರ್ಷಗಟ್ಟಲೆ ತಿಂದಿವೆ.

"ಮಳೆಗಾಲದಲ್ಲಿ ಹೊಳೆ ಮತ್ತೆ ಮರಳು ತರುತ್ತೆ, ಗುಂಡಿ ತುಂಬುತ್ತೆ, ನಷ್ಟವೇನು?" ಎಂದು ಕೇಳುವವರು ಬಹಳ. ತಲಕಾಡಿನ ಮರಳುದಿಬ್ಬ ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೆ ಈ ಮಾತಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಮರಳಿನ ಲೆಕ್ಕದ್ದು. ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ವಯನಾಡಿನಿಂದ ಬರುವ ಮರಳನ್ನು ತಡೆದಿದೆ. ಕಾವೇರಿಯದನ್ನು ಕನ್ನಂಬಾಡಿ ಕಟ್ಟೆ ತಡೆದಿದೆ. ಭಾರದ ಕಾಳು ಜಲಾಶಯದಲ್ಲೇ ಕೂರುತ್ತದೆ, ಕೆಳಕ್ಕೆ ಹರಿಯುವುದು ಬಹುಪಾಲು ನೀರು ಮತ್ತು ನಯವಾದ ಮಣ್ಣು. ಗುಂಡಿ ತುಂಬಿದಂತೆ ಕಂಡರೂ ತುಂಬಿದ್ದು ಎಷ್ಟೋ ಸಲ ಹೂಳು, ಇಲ್ಲವೇ ಕುಸಿದ ದಡ.

ಎರಡನೆಯ ತಪ್ಪು ಇನ್ನೂ ಆಳದ್ದು: ಗುಂಡಿ ತುಂಬಿದರೆ ತಳದ ಜೀವವೂ ಹಿಂದಿರುಗುತ್ತದೆಂಬ ಎಣಿಕೆ. ಮರಳಿನ ಕಾಳು ಕಾಳಿನ ನಡುವಿನ ಸಂದಿಯಲ್ಲಿ ನೀರು ಹರಿಯುತ್ತದೆ, ಅದರೊಡನೆ ಆಮ್ಲಜನಕ. ಹೂಳು ಕೂತರೆ ಸಂದಿ ಮುಚ್ಚುತ್ತದೆ. ಒಳಗಿನ ಮರಿಹುಳುಗಳಿಗೆ ಉಸಿರಿಲ್ಲ.

ನಮ್ಮ ಸಿಹಿನೀರಿನ ಕಪ್ಪೆಚಿಪ್ಪಿನ ಬದುಕನ್ನೇ ನೋಡಿ. ಎಷ್ಟು ಸಲ ವಿವರಿಸಿದರೂ ನನಗೆ ಇದರ ಬೆರಗು ಕುಂದಿಲ್ಲ! ಇದು ಅರ್ಧ ಹೂತುಕೊಂಡು ನೀರನ್ನು ಸೋಸಿ ತಿನ್ನುತ್ತದೆ, ಹಾಗೆ ಹೊಳೆಯನ್ನೂ ತಿಳಿಯಾಗಿಸುತ್ತದೆ. ಇದರ ಮರಿಗಳು ನೇರ ಮರಳಿಗೆ ಬೀಳುವುದಿಲ್ಲ. ಗ್ಲೋಕಿಡಿಯಾ ಎಂಬ ಸಣ್ಣ ಮರಿಗಳು ಹಾದುಹೋಗುವ ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು ಕೆಲಕಾಲ ಸವಾರಿ ಮಾಡಿ, ಬೆಳೆದ ಮೇಲೆ ಉದುರುತ್ತವೆ. ಉದುರಿದ ಜಾಗದಲ್ಲಿ ಕದಡದ ಮರಳಿದ್ದರೆ ಮಾತ್ರ ಉಳಿವು. ಅಂದರೆ ಮೀನೂ ಬೇಕು, ತಳವೂ ಬೇಕು, ವರ್ಷಗಳ ನೆಮ್ಮದಿಯೂ ಬೇಕು. ಯಂತ್ರ ಒಂದು ಹೊತ್ತಿನಲ್ಲಿ ಎತ್ತಿದ್ದನ್ನು ಒಂದು ಮಳೆಗಾಲ ಹಿಂದಿರುಗಿಸಲಾರದು.

ಕಪ್ಪೆಚಿಪ್ಪಿಗೆ ಹೋಲಿಸಿದರೆ ರೆಕ್ಕೆಯುಳ್ಳ ಕೀಟಗಳು ಬೇಗ ಮರಳುತ್ತವೆ. ಹಾರಿ ಬಂದು ಮೊಟ್ಟೆಯಿಡಬಲ್ಲವು. ಆದ್ದರಿಂದ ಅವುಗಳ ಮರಿಹುಳುಗಳು ಕಂಡ ಮಾತ್ರಕ್ಕೆ ಹೊಳೆ ಚೇತರಿಸಿತೆಂದು ತಿಳಿಯಬೇಡಿ, ಕಪ್ಪೆಚಿಪ್ಪು ಕಂಡಿತೇ ಎಂದು ಕೇಳಿ.

ಸುಪ್ರೀಂ ಕೋರ್ಟ್ 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ, 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಕಾನೂನು ಗಣಿಯ ವಿಸ್ತೀರ್ಣ ಅಳೆಯುತ್ತದೆ. ತಳದ ಜೀವ ಎಣಿಸುವವರು ಬೇಕು. ನಂಜನಗೂಡು, ನರಸೀಪುರದ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳೇ, ಬೇಸಿಗೆಯಲ್ಲಿ ನೀರಿಳಿದಾಗ ಅಧ್ಯಾಪಕರೊಡನೆ ಒಂದು ಜರಡಿ ಹಿಡಿದು ಹೊಳೆಗಿಳಿಯಿರಿ. ಮರಳು ಎತ್ತಿದ ಕಡೆ, ಎತ್ತದ ಕಡೆ ಎರಡನ್ನೂ ಸೋಸಿ, ಸಿಕ್ಕಿದ್ದನ್ನು ಎಣಿಸಿ ಬರೆದಿಡಿ, ಜೀವಿಗಳನ್ನು ಮತ್ತೆ ನೀರಿಗೇ ಬಿಡಿ. ಪ್ರತಿ ವರ್ಷ ಅದೇ ಜಾಗಕ್ಕೆ ಹೋಗಿ ಎಣಿಸಿ. ಕಪಿಲೆಯ ಪರವಾಗಿ ವಾದಿಸಲು ನಿಮ್ಮ ಆ ಲೆಕ್ಕಪುಸ್ತಕಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.