ಒಂದೇ ರಸ್ತೆ, ಎರಡು ದರ

ಹೈದರಾಬಾದಿನ ತಾರ್ನಾಕದ ನಾಲ್ಕು ರಸ್ತೆ ಕೂಡುವಲ್ಲಿಂದ ಪಶ್ಚಿಮಕ್ಕೆ ಹೊರಟರೆ ಮೆಟ್ಟುಗುಡ, ಪೂರ್ವಕ್ಕೆ ಹಬ್ಸಿಗುಡ, ಉತ್ತರಕ್ಕೆ ಲಾಲಾಪೇಟ, ದಕ್ಷಿಣಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯ. ಈ ಸುತ್ತಿನಲ್ಲಿ ಪೆಟ್ರೋಲ್ ಬಂಕುಗಳಿಗೆ ಬರವಿಲ್ಲ. ಆದರೆ ಒಂದು ಬಂಕಿನ ಬೋರ್ಡಿನ ಮೇಲಿರುವ ದರ ಇನ್ನೊಂದರ ಬೋರ್ಡಿನಲ್ಲಿ ಹಾಗೆಯೇ ಇರುತ್ತದೆಂದು ಹೇಳಲಾಗದು. ರೂಪಾಯಿ ಅದೇ, ಪೈಸೆ ಬೇರೆ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ಇಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಈ ಪೈಸೆಯ ಚರ್ಚೆ ನಡೆಯುತ್ತದೆ: ‘ಆ ಬಂಕಿನವನು ಜಾಸ್ತಿ ತಗೋತಾನೆ, ಇವನೇ ವಾಸಿ.’

ಬಂಕಿನವನ ಮೇಲೆ ಹೊರಿಸುವ ಈ ಆರೋಪದಲ್ಲಿ ಹುರುಳಿಲ್ಲ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದುಸ್ತಾನ್ ಪೆಟ್ರೋಲಿಯಂ ಈ ಮೂರು ಸರ್ಕಾರಿ ಕಂಪನಿಗಳ ಡೀಲರ್ ತನ್ನ ದರವನ್ನು ತಾನೇ ಇಡುವಂತಿಲ್ಲ. ಅವನಿಗೆ ಸಿಗುವುದು ಕಂಪನಿ ಗೊತ್ತು ಮಾಡಿದ ಕಮಿಷನ್ ಮಾತ್ರ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ದರದ ಮೇಲಿನ ಹಿಡಿತ ಬಿಟ್ಟಿತು. ಆಮೇಲೆ ತಿಂಗಳ 1 ಮತ್ತು 16ರಂದು ದರ ಬದಲಾಗುವ ಪದ್ಧತಿ ಬಂತು. 2017ರ ಜೂನ್ 16ರಿಂದ ದಿನದಿನದ ದರ. ಮೊದಲು ನಡುರಾತ್ರಿಯೇ ದರ ಬದಲಿಸಬೇಕೆಂದಿತ್ತು. ಆ ಹೊತ್ತಿಗೆ ಎದ್ದು ಬಂಕಿಗೆ ಬರುವವರು ಯಾರು ಎಂದು ಡೀಲರ್‌ಗಳು ಮುಷ್ಕರದ ಮಾತೆತ್ತಿದ ಮೇಲೆ ಬೆಳಿಗ್ಗೆ 6 ಗಂಟೆಗೆ ಬದಲಿಸಲು ಒಪ್ಪಂದವಾಯಿತು. ಯಂತ್ರಗಳು ಕಂಪನಿಯ ಜಾಲಕ್ಕೆ ಹೊಂದಿಕೊಂಡ ಬಂಕುಗಳಲ್ಲಿ ಹೊಸ ದರ ನೇರವಾಗಿ ಯಂತ್ರಕ್ಕೇ ಬಂದು ಕೂರುತ್ತದೆ.

ಹಾಗಾದರೆ ಪೈಸೆಯ ವ್ಯತ್ಯಾಸ ಹುಟ್ಟುವುದೆಲ್ಲಿ? ಮೊದಲನೆಯದಾಗಿ, ಮೂರೂ ಕಂಪನಿಗಳ ಮೂಲ ದರ ಕೂದಲೆಳೆಯಷ್ಟಾದರೂ ಬೇರೆ ಇರುತ್ತದೆ. ಎರಡನೆಯದು, ಹೆಚ್ಚು ಮುಖ್ಯವಾದದ್ದು, ಸಾಗಣೆ. ಹೈದರಾಬಾದಿಗೆ ಪೆಟ್ರೋಲ್ ಬಹಳ ದೂರದಿಂದ ಬರುತ್ತದೆ. ವಿಶಾಖಪಟ್ಟಣದ ರಿಫೈನರಿಯಿಂದ ವಿಜಯವಾಡದ ಮೂಲಕ ಸಿಕಂದರಾಬಾದಿನವರೆಗೆ ಹಿಂದುಸ್ತಾನ್ ಪೆಟ್ರೋಲಿಯಂ ನೆಲದಡಿ ಹಾಕಿರುವ ಕೊಳವೆಯ ಉದ್ದ 572 ಕಿಲೊಮೀಟರ್. ನಗರದ ಪೂರ್ವಕ್ಕೆ ಚರ್ಲಪಲ್ಲಿಯಲ್ಲಿ ತೈಲ ಕಂಪನಿಗಳ ದೊಡ್ಡ ಟರ್ಮಿನಲ್‌ಗಳಿವೆ. ಅಲ್ಲಿ ತುಂಬಿಕೊಂಡ ಟ್ಯಾಂಕರ್ ನಾಚಾರಂ ಮೇಲೆ ಹಾದು ತಾರ್ನಾಕಕ್ಕೆ ಬರಲು ಹತ್ತು ಕಿಲೊಮೀಟರ್ ಆಸುಪಾಸಿನ ದಾರಿ. ಅದೇ ಟ್ಯಾಂಕರ್ ನಗರ ಸೀಳಿಕೊಂಡು ಪಟಾನ್‌ಚೆರುವಿಗೆ ಹೋಗಬೇಕಾದರೆ ದಾರಿ ಹಲವು ಪಟ್ಟು. ಡಿಪೊದಿಂದ ಬಂಕಿಗೆ ಹೋಗಿ ಬರುವ ಈ ದೂರವನ್ನು ಕಂಪನಿಯವರು ‘ಆರ್‌ಟಿಕೆಎಂ’ ಎನ್ನುತ್ತಾರೆ. ಟ್ಯಾಂಕರ್ ಬಾಡಿಗೆಯ ಲೆಕ್ಕ ಅದರ ಮೇಲೆಯೇ ನಿಂತಿದೆ, ಬಾಡಿಗೆ ದರದೊಳಗೆ ಸೇರುತ್ತದೆ. ಹೀಗಾಗಿ ಒಂದೇ ಕಂಪನಿಯ ಎರಡು ಬಂಕುಗಳೂ ಬೇರೆ ಬೇರೆ ಅಂಕಿ ತೋರಿಸಬಹುದು.

ಇಲ್ಲಿಗೆ ಮುಗಿದಿದ್ದರೆ ಇದು ನ್ಯಾಯವಾದ ಲೆಕ್ಕವೇ. ದೂರದವನಿಗೆ ಸಾಗಣೆ ಹೆಚ್ಚು. ಆದರೆ ಸಾಗಣೆಯ ಹಣ ಒಳಗೆ ಸೇರಿದ ಮೇಲೆ ಅದರ ಮೇಲೂ ರಾಜ್ಯದ ತೆರಿಗೆ ಬೀಳುತ್ತದೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟೆಂದು ನಿಗದಿಯಾದದ್ದು. ದೂರ ಹೆಚ್ಚಾದರೆ ಅದು ಹೆಚ್ಚಾಗುವುದಿಲ್ಲ. ತೆಲಂಗಾಣದ ವ್ಯಾಟ್ ಹಾಗಲ್ಲ, ಅದು ಶೇ 35.2. ಟ್ಯಾಂಕರ್ ಬಾಡಿಗೆ ಲೀಟರಿಗೆ ಒಂದು ರೂಪಾಯಿ ಏರಿದರೆ ಗ್ರಾಹಕ ತೆರುವುದು ಒಂದು ರೂಪಾಯಿ ಮೂವತ್ತೈದು ಪೈಸೆ. ಡಿಪೊ ಪಕ್ಕದಲ್ಲಿರುವ ನಮಗೆ ಇದು ತಾಗದು. ಡಿಪೊದಿಂದ ದೂರದ ಹಳ್ಳಿಯ ರೈತ ತನ್ನ ಬೈಕಿಗೆ ಪೆಟ್ರೋಲ್ ಹಾಕಿಸುವಾಗ ದೂರಕ್ಕೂ ಹಣ ಕೊಡುತ್ತಾನೆ, ದೂರದ ಮೇಲಿನ ತೆರಿಗೆಯನ್ನೂ ಕೊಡುತ್ತಾನೆ. ಇದು ಅನ್ಯಾಯ ಎಂದೇ ನನ್ನ ಎಣಿಕೆ. ರಾಜ್ಯಗಳೂ ಲೀಟರಿಗೆ ಇಷ್ಟು ರೂಪಾಯಿ ಎಂದು ತೆರಿಗೆ ಗೊತ್ತುಮಾಡಿದರೆ ಈ ಭಾರ ತಾನಾಗಿ ಇಳಿಯುತ್ತದೆ.

ಕರ್ನಾಟಕದೊಳಗೂ ಇದೇ ಕಥೆ. ಎಂಆರ್‌ಪಿಎಲ್ ರಿಫೈನರಿ ಇರುವ ಮಂಗಳೂರಿನಲ್ಲಿ ದರ ರಾಜ್ಯದಲ್ಲೇ ಕಡಿಮೆ ಇರುವ ಕಡೆಗಳಲ್ಲೊಂದು. ಅಲ್ಲಿಂದ ಹಾಸನದ ಮೇಲೆ ಬೆಂಗಳೂರಿನ ಬಳಿಯ ದೇವನಗೊಂದಿಗೆ ಕೊಳವೆ ಇದೆ. ಕೊಳವೆಯಿಂದ ದೂರ ಸರಿದಂತೆ, ಚಿತ್ರದುರ್ಗ, ದಾವಣಗೆರೆಯ ಕಡೆಗೆ ದರ ಮೇಲೇರುತ್ತದೆ. 2024ರ ಅಕ್ಟೋಬರ್ ಕೊನೆಗೆ ತೈಲ ಕಂಪನಿಗಳು ರಾಜ್ಯದೊಳಗಿನ ಸಾಗಣೆಯ ಲೆಕ್ಕವನ್ನು ಸರಿಹೊಂದಿಸಿದಾಗ ಒಡಿಶಾದ ಮಲ್ಕಾನ್‌ಗಿರಿಯ ಕೆಲವು ಕಡೆ ಲೀಟರಿಗೆ ನಾಲ್ಕು ರೂಪಾಯಿಗೂ ಮೀರಿ, ಛತ್ತೀಸಗಢದ ಸುಕ್ಮಾದಲ್ಲಿ ಎರಡು ರೂಪಾಯಿ ಇಳಿಯಿತು. ಅಷ್ಟು ವರ್ಷ ಆ ಕಾಡುಸೀಮೆಯ ಜನ ಎಷ್ಟು ಹೆಚ್ಚು ತೆತ್ತಿದ್ದರೆಂಬುದು ಇಳಿದ ಮೇಲೆ ಗೊತ್ತಾಯಿತು.

ಪೈಸೆ ಬಿಟ್ಟು ರೂಪಾಯಿಗೆ ಬರೋಣ. 2024ರ ಮಾರ್ಚ್ 15ರಂದು ಎರಡು ರೂಪಾಯಿ ಇಳಿದ ಮೇಲೆ ದೆಹಲಿಯಲ್ಲಿ ಪೆಟ್ರೋಲ್ 94.72 ರೂಪಾಯಿ, ಹೈದರಾಬಾದಿನಲ್ಲಿ 107.41. ಅದೇ ವರ್ಷದ ಜೂನ್ 15ರಂದು ಕರ್ನಾಟಕ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು, ಬೆಂಗಳೂರಿನ ದರ 102.86ರ ಬಳಿಗೆ ಬಂತು. ಈಗ ಪ್ರತಿಯೊಂದರಿಂದಲೂ ಆಯಾ ರಾಜ್ಯದ ತೆರಿಗೆ ಕಳೆದು ನೋಡಿ. ಶೇ 19.4 ತೆರಿಗೆಯ ದೆಹಲಿಯಲ್ಲಿ ಉಳಿಯುವುದು 79.33. ಬೆಂಗಳೂರಿನಲ್ಲಿ 79.22. ಹೈದರಾಬಾದಿನಲ್ಲಿ 79.45. ಮೂರು ಊರುಗಳ ನಡುವೆ ಕಾಲು ರೂಪಾಯಿಯೂ ಅಂತರವಿಲ್ಲ! ದೆಹಲಿ, ಹೈದರಾಬಾದುಗಳ ನಡುವೆ ಹನ್ನೆರಡೂವರೆ ರೂಪಾಯಿಗೂ ಮೀರಿದ ಕಂದಕ ತೋಡಿದ್ದು ಹೆಚ್ಚುಕಡಿಮೆ ಪೂರ್ತಿ ರಾಜ್ಯ ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್‌ಗಳನ್ನು ಹೊರಗಿಟ್ಟದ್ದರ ಫಲ ಇದು.

ಆದ್ದರಿಂದಲೇ ತಾರ್ನಾಕದಿಂದ ಬೀದರಿಗೆ ಕಾರಿನಲ್ಲಿ ಹೊರಡುವ ಸಂಸಾರಸ್ಥರು ಇಲ್ಲಿ ಟ್ಯಾಂಕ್ ತುಂಬಿಸುವುದಿಲ್ಲ. ದಾರಿಗೆ ಬೇಕಾದಷ್ಟು ಹಾಕಿಸಿ, ಜಹೀರಾಬಾದ್ ದಾಟಿ ಕರ್ನಾಟಕದ ಮೊದಲ ಬಂಕಿನಲ್ಲಿ ‘ಫುಲ್ ಮಾಡಪಾ’ ಎನ್ನುತ್ತಾರೆ. ಮೂವತ್ತೈದು ಲೀಟರ್ ಹಿಡಿದರೆ ನೂರೈವತ್ತು ರೂಪಾಯಿ ಉಳಿಯಬಹುದು. ಕಾಸರಗೋಡಿನವರು ತಲಪಾಡಿ ದಾಟಿ ಮಂಗಳೂರಿನ ಕಡೆ ಬಂದಾಗ ಮಾಡುವುದೂ ಇದನ್ನೇ. ಗಡಿಯಲ್ಲಿ ಕರ್ನಾಟಕದ ಬದಿಯ ಬಂಕಿನಲ್ಲಿ ಸಾಲು, ಇನ್ನೊಂದು ಬದಿಯದರಲ್ಲಿ ಕೈಕಟ್ಟಿ ಕೂತ ಡೀಲರ್. ಅವನ ಕಷ್ಟವನ್ನು ಕೇಳುವವರು ಕಡಿಮೆ.

ಖಾಸಗಿ ಕಂಪನಿಗಳದ್ದು ಬೇರೆ ದಾರಿ. ಅವು ದರವನ್ನು ತಾವೇ ಇಡುತ್ತವೆ. 2023ರಲ್ಲಿ ನಯಾರಾ ಬಂಕುಗಳು ಸರ್ಕಾರಿ ಬಂಕುಗಳಿಗಿಂತ ಲೀಟರಿಗೆ ಒಂದು ರೂಪಾಯಿ ಕಡಿಮೆಗೆ ಮಾರಿದ್ದುಂಟು. ಅದಕ್ಕೂ ಹಿಂದೆ, ಸರ್ಕಾರಿ ಕಂಪನಿಗಳಿಗೆ ಮಾತ್ರ ಸಬ್ಸಿಡಿ ಸಿಗುತ್ತಿದ್ದ ಕಾಲದಲ್ಲಿ, 2008ರಲ್ಲಿ ರಿಲಯನ್ಸ್ ತನ್ನ ಬಂಕುಗಳನ್ನೇ ಮುಚ್ಚಿತ್ತು. ಇನ್ನು ಬೋರ್ಡಿನಲ್ಲಿ ಏಳೆಂಟು ರೂಪಾಯಿ ಹೆಚ್ಚು ಕಂಡರೆ ಅದು ಎಕ್ಸ್‌ಪಿ95, ಪವರ್, ಸ್ಪೀಡ್ ಮೊದಲಾದ ದುಬಾರಿ ಪೆಟ್ರೋಲಿನ ದರವೇ ಎಂದು ನೋಡಿಕೊಳ್ಳಬೇಕು.

ಈಗ ತಾರ್ನಾಕದ ಎರಡು ಬಂಕುಗಳ ನಡುವೆ ಲೀಟರಿಗೆ ಹತ್ತು ಪೈಸೆ ವ್ಯತ್ಯಾಸವಿದೆ ಎಂದುಕೊಂಡು ತೂಗಿ ನೋಡೋಣ. ಸ್ಕೂಟರಿಗೆ ಐದು ಲೀಟರ್ ಹಾಕಿಸಿದರೆ ಉಳಿಯುವುದು ಐವತ್ತು ಪೈಸೆ. ಲೀಟರಿಗೆ 45 ಕಿಲೊಮೀಟರ್ ಕೊಡುವ ಸ್ಕೂಟರ್ ಒಂದು ಕಿಲೊಮೀಟರ್ ಓಡಲು ಎರಡು ರೂಪಾಯಿ ನಲವತ್ತು ಪೈಸೆಯ ಪೆಟ್ರೋಲ್ ಕುಡಿಯುತ್ತದೆ. ಅಗ್ಗದ ಬಂಕಿಗಾಗಿ ಹಬ್ಸಿಗುಡದ ಸಿಗ್ನಲ್ ದಾಟಿ ಹೋದವರು ಅಲ್ಲಿಗೇ ನಷ್ಟದಲ್ಲಿರುತ್ತಾರೆ.

ಅದಕ್ಕಿಂತ ದೊಡ್ಡ ಲೆಕ್ಕ ಅಳತೆಯದ್ದು. ಐದು ಲೀಟರ್ ಸುರಿಯುವಾಗ ಯಂತ್ರದಲ್ಲಿ 25 ಮಿಲಿಲೀಟರ್ ಹೆಚ್ಚುಕಡಿಮೆ ಆಗುವುದಕ್ಕೆ ನಿಯಮದಲ್ಲೇ ಅವಕಾಶವಿದೆ. 107.41ರ ದರದಲ್ಲಿ ಅಷ್ಟು ಪೆಟ್ರೋಲಿನ ಬೆಲೆ ಎರಡು ರೂಪಾಯಿ ಅರವತ್ತೊಂಬತ್ತು ಪೈಸೆ, ಬೋರ್ಡಿನ ವ್ಯತ್ಯಾಸದಿಂದ ಉಳಿಯುವುದರ ಐದು ಪಟ್ಟು. ಅದಕ್ಕೂ ಮೀರಿ ಕಡಿಮೆ ಬೀಳುತ್ತಿದ್ದರೆ ಅದು ಮೋಸ. ಆದರೂ ಪೈಸೆಗೆ ಬಂಕು ಬದಲಿಸುವವರಲ್ಲಿ ಅಳತೆಯನ್ನು ಪರೀಕ್ಷಿಸಿದವರು ವಿರಳ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆಯೊತ್ತಿದ ಐದು ಲೀಟರಿನ ಪಾತ್ರೆ ಇರಲೇಬೇಕು. ಅನುಮಾನ ಬಂದರೆ ಅದನ್ನು ತರಿಸಿ, ನಿಮ್ಮ ಕಣ್ಣೆದುರೇ ಅಳೆಯಲು ಹೇಳಿ. ಕಲಬೆರಕೆಯ ಶಂಕೆಯಿದ್ದರೆ ಫಿಲ್ಟರ್ ಪೇಪರ್ ಕೇಳಿ, ನಾಜಲ್‌ನಿಂದ ಒಂದು ಹನಿ ಬಿಟ್ಟು ನೋಡಿ: ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರುತ್ತದೆ. ಅಂದಿನ ಸಾಂದ್ರತೆಯನ್ನು ಬಂಕಿನಲ್ಲಿ ಬರೆದಿಟ್ಟಿರಬೇಕು, ಅದನ್ನೂ ಕೇಳಬಹುದು. ಇವುಗಳಲ್ಲಿ ಯಾವುದಕ್ಕೂ ಗ್ರಾಹಕ ಒಂದು ಪೈಸೆ ಕೊಡಬೇಕಾಗಿಲ್ಲ.