ಕಲ್ಕತ್ತ ಮರೆಯದ ಬೆಂಗಳೂರಿನ ಪಾಂಡವ: ಬರಿಗಾಲ ಮಾಂತ್ರಿಕ ಅಹ್ಮದ್ ಖಾನ್

ವಾಗ್ಳೆ ಎಸ್ಟೇಟ್: ಜನ್ಮಭೂಮಿ ಒಂದು, ಕರ್ಮಭೂಮಿ ಇನ್ನೊಂದು ಎಂಬ ಮಾತು ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ಹೋಟೆಲು ಉದ್ಯಮ, ಕಾರ್ಖಾನೆ, ಬ್ಯಾಂಕು, ರಂಗಭೂಮಿ, ಯಕ್ಷಗಾನ ಹೀಗೆ ಹತ್ತು ಕ್ಷೇತ್ರಗಳಲ್ಲಿ ಪರವೂರಲ್ಲಿ ಹೆಸರು ಮಾಡಿದ ನಮ್ಮವರನ್ನು ಸಂಘಗಳ ವೇದಿಕೆಗೆ ಕರೆದು, ಶಾಲು ಹೊದಿಸಿ, ಫಲಪುಷ್ಪ ಹಾಗೂ ಸ್ಮರಣಿಕೆಯನ್ನಿತ್ತು ಗೌರವಿಸುವ ಪರಿಪಾಠ ಮಹಾನಗರದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಆ ಸಾಧಕರ ಸಾಲಿನಲ್ಲಿ ಅಪರೂಪಕ್ಕೂ ಕೇಳಿಬರದ ಹೆಸರೊಂದಿದೆ. ಅದು ಫುಟ್ಬಾಲ್ ಆಟಗಾರ ಅಹ್ಮದ್ ಖಾನ್ ಅವರದು.

ಬೆಂಗಳೂರಿನಲ್ಲಿ 1926ರ ಡಿಸೆಂಬರ್ 24ರಂದು ಹುಟ್ಟಿದ ಅಹ್ಮದ್, ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹತ್ತು ವರ್ಷ ಆಡಿ, ಎರಡು ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿ, 2017ರ ಆಗಸ್ಟ್ 27ರಂದು ಹುಟ್ಟೂರಿನಲ್ಲೇ ತಮ್ಮ 90ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು. ಅವರ ಜನ್ಮಶತಮಾನೋತ್ಸವದ ದಿನ 2026ರ ಡಿಸೆಂಬರ್ 24. ಕಲ್ಕತ್ತದ ಅಭಿಮಾನಿಗಳಿಗೆ ಆ ಹೆಸರನ್ನು ಯಾರೂ ನೆನಪಿಸಬೇಕಾಗಿಲ್ಲ. ಕನ್ನಡಿಗರಿಗೆ ನೆನಪಿಸಬೇಕಾಗಿದೆ.

ಕೂಪರೇಜ್‌ಗೂ ಬೆಂಗಳೂರಿಗೂ ಹಳೆಯ ನಂಟು

ಮುಂಬಯಿ ಫುಟ್ಬಾಲ್ ಎಂದಾಗ ಹಿರಿಯರಿಗೆ ಮೊದಲು ನೆನಪಾಗುವುದು ಕೂಪರೇಜ್ ಮೈದಾನ ಮತ್ತು ರೋವರ್ಸ್ ಕಪ್. 1891ರಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ಮೊದಲ ನಾಲ್ಕೂವರೆ ದಶಕ ಗೆದ್ದವರೆಲ್ಲ ಸೈನಿಕ ತಂಡದವರು. ಆ ಸರಪಳಿಯನ್ನು ತುಂಡರಿಸಿದ ಸೈನಿಕೇತರ ತಂಡ ಮುಂಬಯಿಯದಲ್ಲ, ಕಲ್ಕತ್ತದ್ದೂ ಅಲ್ಲ, ಬೆಂಗಳೂರಿನದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲ್ಕತ್ತದ ಬಲಿಷ್ಠ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಕಪ್ ಎತ್ತಿತು. ಮರುವರ್ಷವೂ ಗೆದ್ದಿತು. 1948ರಲ್ಲಿ ಮತ್ತೊಮ್ಮೆ ಕಪ್ ಬೆಂಗಳೂರಿನ ರೈಲು ಹತ್ತಿತು.

ಅಹ್ಮದ್ ಖಾನ್ ಬೆಳೆದದ್ದು ಇಂಥ ಫುಟ್ಬಾಲ್ ಪರಿಸರದಲ್ಲಿ. ಮನೆಯಲ್ಲೇ ಆಟವಿತ್ತು, ತಂದೆಯೂ ಆಟಗಾರರು. ದಂಡು ಪ್ರದೇಶದ ಸುತ್ತಮುತ್ತ ಬ್ರಿಟಿಷ್ ಪಲ್ಟನ್ನುಗಳು ಆಡುತ್ತಿದ್ದ ಆಟವನ್ನು ಕೂಲಿಕಾರರ, ಸಣ್ಣ ನೌಕರರ ಮಕ್ಕಳು ನೋಡಿ ಕಲಿತರು. ಬೂಟು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಬರಿಗಾಲಲ್ಲೇ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುವುದು ಅಲ್ಲಿನ ಹುಡುಗರಿಗೆ ಅಭ್ಯಾಸವಾಯಿತು. ಮೈಸೂರು ತಂಡ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ಇದೇ ಪೀಳಿಗೆಯ ಬಲದಿಂದ. ಬೆಂಗಳೂರು ಮುಸ್ಲಿಮ್ಸ್ ಪರವಾಗಿ ಆಡಿ ಹೆಸರು ಮಾಡಿದ ಅಹ್ಮದ್‌ಗೆ ಬೇಗನೆ ದೇಶದ ತಂಡದಿಂದ ಕರೆ ಬಂತು.

ಬರಿಗಾಲಲ್ಲಿ ಲಂಡನ್ ಅಂಗಳಕ್ಕೆ

ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ ಭಾರತ ಫುಟ್ಬಾಲ್ ತಂಡ ತನ್ನ ಮೊದಲ ಒಲಿಂಪಿಕ್ ಪಂದ್ಯಕ್ಕೆ ಇಳಿಯಿತು. ಎದುರಾಳಿ ಫ್ರಾನ್ಸ್. ಭಾರತದ ಹೆಚ್ಚಿನ ಆಟಗಾರರ ಕಾಲಲ್ಲಿ ಬೂಟುಗಳಿರಲಿಲ್ಲ. ನೋಡಲು ಬಂದವರಿಗೆ ಮೊದಲು ಅಚ್ಚರಿ, ಸ್ವಲ್ಪ ಹೊತ್ತಿನಲ್ಲೇ ಮೆಚ್ಚುಗೆ. ಫ್ರಾನ್ಸ್ ಮುಂದಿದ್ದಾಗ ಸಮಬಲದ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್ಬಾಲ್ ಗೋಲು ಅದು. ಸಿಕ್ಕಿದ ಎರಡು ಪೆನಾಲ್ಟಿ ಕಿಕ್‌ಗಳನ್ನೂ ಕೈಬಿಟ್ಟ ಭಾರತ, ಕೊನೆಗಳಿಗೆಯ ಗೋಲಿನಿಂದ 1-2ರಲ್ಲಿ ಸೋತಿತು.

ಸೋತರೂ ಪ್ರೇಕ್ಷಕರ ಮನ ಗೆದ್ದ ತಂಡ ಎಂಬ ಹೆಸರು ಉಳಿಯಿತು. ಬೂಟು ಏಕಿಲ್ಲ ಎಂದು ಕೇಳಿದವರಿಗೆ ನಾಯಕ ತಾಲಿಮೆರೆನ್ ಆವೊ, ನಾವಾಡುವುದು ಫುಟ್‌ಬಾಲ್, ನೀವಾಡುವುದು ಬೂಟ್‌ಬಾಲ್ ಎಂದು ಉತ್ತರಿಸಿದರೆಂಬ ಮಾತು ಇಂದಿಗೂ ಫುಟ್ಬಾಲ್ ಪ್ರಿಯರ ಬಾಯಲ್ಲಿದೆ. ಅಹ್ಮದ್‌ಗೆ ಸಿಕ್ಕ ಬಿರುದು ಹಾವಾಡಿಗ. ಚೆಂಡು ಅವರ ಪಾದದ ಮುಂದೆ ಪುಂಗಿಗೆ ತಲೆದೂಗುವ ಹಾವಿನಂತೆ ಆಡುತ್ತಿತ್ತು ಎಂಬುದು ಅದರ ಅರ್ಥ.

ಕಲ್ಕತ್ತದ ಐವರು ದಕ್ಷಿಣದವರು

1949ರಲ್ಲಿ ಅಹ್ಮದ್ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಆ ಕಾಲದ ಆಟದಲ್ಲಿ ಮುಂಚೂಣಿಯಲ್ಲಿ ಐವರು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಈಸ್ಟ್ ಬೆಂಗಾಲ್‌ನ ಆ ಐವರೂ ದಕ್ಷಿಣ ಭಾರತದವರು. ಬಲತುದಿಯಲ್ಲಿ ವೆಂಕಟೇಶ್, ಅವರ ಪಕ್ಕ ಆಂಧ್ರದ ಅಪ್ಪಾರಾವ್, ನಡುವೆ ಧನರಾಜ್, ಎಡಭಾಗದ ಒಳಗಡೆ ಅಹ್ಮದ್ ಖಾನ್, ಎಡತುದಿಯಲ್ಲಿ ಕೇರಳದ ಸಾಲೆ. ಧನರಾಜ್ ಲಂಡನ್ ಒಲಿಂಪಿಕ್ಸ್‌ಗೆ ಅಹ್ಮದ್ ಜತೆ ಹೋಗಿಬಂದವರು.

ಎಡಭಾಗದ ಒಳ ಆಟಗಾರನ ಕೆಲಸ ಸುಲಭದ್ದಲ್ಲ. ಹಿಂದಿನಿಂದ ಬರುವ ಚೆಂಡನ್ನು ಹಿಡಿದು, ಎದುರಾಳಿಗಳನ್ನು ಸೆಳೆದು, ತುದಿಯವನಿಗೋ ನಡುವಿನವನಿಗೋ ತಕ್ಕ ಗಳಿಗೆಯಲ್ಲಿ ದಾಟಿಸಬೇಕು. ಗೋಲಿನ ಲೆಕ್ಕದಲ್ಲಿ ಹೆಸರು ಬರುವುದು ಹೆಚ್ಚಾಗಿ ಬೇರೆಯವರದು. ಅಹ್ಮದ್ ಇಬ್ಬರು ಮೂವರನ್ನು ಕಾಲಿನ ತಿರುವಿನಲ್ಲೇ ಮೋಸಗೊಳಿಸಿ ಚೆಂಡು ಕೊಟ್ಟರೆ ಉಳಿದವರಿಗೆ ದಾರಿ ತೆರೆದಂತೆ.

ಫಲ ಕಣ್ಣೆದುರೇ ಇತ್ತು. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್ ಎರಡನ್ನೂ ಗೆದ್ದು, ಮುಂಬಯಿಗೆ ಬಂದು ರೋವರ್ಸ್ ಕಪ್ಪನ್ನೂ ಎತ್ತಿಕೊಂಡು ಹೋಯಿತು. 1949, 1950, 1951 ಹೀಗೆ ಸತತ ಮೂರು ವರ್ಷ ಶೀಲ್ಡ್ ಅವರದಾಯಿತು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ಪೂ ಬಂತು. ಈ ಐವರಿಗೆ ಕಲ್ಕತ್ತದ ಜನರಿತ್ತ ಹೆಸರು ಪಂಚ ಪಾಂಡವರು.

ನೆಲೆ ಕಳೆದುಕೊಂಡವರ ಪಾಂಡವರು

ಈ ಹೆಸರಿನ ತೂಕ ತಿಳಿಯಬೇಕಾದರೆ ಅಂದಿನ ಕಲ್ಕತ್ತವನ್ನು ನೆನೆಯಬೇಕು. 1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್ ಕ್ಲಬ್, ಹೆಸರೇ ಹೇಳುವಂತೆ, ಪೂರ್ವ ಬಂಗಾಳದ ಮೂಲದವರ ಕ್ಲಬ್. ಊರಿನವರ ಕಣ್ಣಲ್ಲಿ ಅವರು ಹೊರಗಿನವರು. 1947ರ ದೇಶ ವಿಭಜನೆಯ ಬಳಿಕ ಮನೆ, ಜಮೀನು, ನೆರೆಹೊರೆ ಎಲ್ಲವನ್ನೂ ಗಡಿಯಾಚೆ ಬಿಟ್ಟು ಲಕ್ಷಗಟ್ಟಲೆ ಜನ ಈ ನಗರಕ್ಕೆ ಬಂದರು. ಸಿಯಾಲ್ಡಾ ರೈಲು ನಿಲ್ದಾಣದ ಕಟ್ಟೆಗಳಲ್ಲೂ ಶಿಬಿರಗಳಲ್ಲೂ ದಿನ ಕಳೆದ ಆ ಜನಕ್ಕೆ ತಲೆಯೆತ್ತಿ ಹೇಳಿಕೊಳ್ಳಲು ಉಳಿದದ್ದು ಕೆಂಪು ಹಳದಿ ಅಂಗಿಯ ಆ ತಂಡ ಮಾತ್ರ. ತಂಡ ಗೆದ್ದ ಸಂಜೆ ಅವರ ಮನೆಗಳಲ್ಲಿ ಇಲಿಶ್ ಮೀನಿನ ಅಡುಗೆ ಮಾಡುವುದು ಸಂಪ್ರದಾಯವೇ ಆಯಿತು.

ಆ ತಂಡವನ್ನು ಗೆಲ್ಲಿಸಿದವರು ಬಂಗಾಳಿಗಳಲ್ಲ, ಸಾವಿರಾರು ಮೈಲು ದೂರದಿಂದ ಬಂದ ದಕ್ಷಿಣದವರು. ಐವರಲ್ಲಿ ಇಬ್ಬರು, ಅಹ್ಮದ್ ಮತ್ತು ಸಾಲೆ, ಮುಸಲ್ಮಾನರು. ಕೋಮುಗಲಭೆಯ ಗಾಯ ಇನ್ನೂ ಹಸಿಯಾಗಿದ್ದ ನಗರದಲ್ಲಿ, ಆ ಗಲಭೆಯಿಂದಲೇ ನೆಲೆ ಕಳೆದುಕೊಂಡ ಜನ, ಬೆಂಗಳೂರಿನ ಒಬ್ಬ ಮುಸ್ಲಿಂ ಹುಡುಗನನ್ನು ಪಾಂಡವ ಎಂದು ಕರೆದು ಹೆಗಲ ಮೇಲೆ ಕೂರಿಸಿಕೊಂಡರು. ಆಟದ ಮೈದಾನ ಮಾಡಬಲ್ಲ ಕೆಲಸ ಯಾವುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೆಲ್ಸಿಂಕಿಯ ಒಂದು ಗೋಲು

1951ರಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಫೈನಲ್‌ನಲ್ಲಿ ಇರಾನ್ ತಂಡವನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅಹ್ಮದ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. 1952ರ ಜುಲೈ 15ರಂದು ಭಾರತ ಎದುರಿಸಿದ್ದು ಯುಗೊಸ್ಲಾವಿಯವನ್ನು. ಮುಂದೆ ಬೆಳ್ಳಿ ಪದಕ ಗೆದ್ದ ತಂಡ ಅದು. ಉತ್ತರದ ಚಳಿಯ ನೆಲದಲ್ಲಿ ಬರಿಗಾಲಿನ ಆಟ ನಡೆಯಲಿಲ್ಲ. ಭಾರತ 1-10ರ ಹೀನಾಯ ಸೋಲು ಕಂಡಿತು.

ಆ ಒಂದು ಗೋಲು ಅಹ್ಮದ್ ಖಾನ್ ಅವರದು. 89ನೇ ನಿಮಿಷದಲ್ಲಿ, ಹತ್ತು ಗೋಲು ತಿಂದ ಮೇಲೆ. ಎಲ್ಲ ಮುಗಿದಿದೆ ಎಂದು ಗೊತ್ತಿದ್ದರೂ ಕೊನೆಯ ಶಿಳ್ಳೆಯವರೆಗೆ ಕೈಕಟ್ಟಿ ನಿಲ್ಲದ ಆಟಗಾರನ ಗೋಲು ಅದು. ಆ ಪಂದ್ಯದ ಬಳಿಕವೇ ದೇಶದ ಫುಟ್ಬಾಲ್‌ನಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲ ಯುಗದ ಬಾಗಿಲು ಮುಚ್ಚಿದ ದಿನ ಭಾರತದ ಹೆಸರಿನಲ್ಲಿ ಬರೆದ ಕಟ್ಟಕಡೆಯ ಒಲಿಂಪಿಕ್ ಗೋಲು ಬೆಂಗಳೂರಿನದಾಗಿತ್ತು. ಲಂಡನ್ನಿನಲ್ಲಿ ಬಂದ ಮೊದಲನೆಯದೂ ಬೆಂಗಳೂರಿನದೇ.

1959ರವರೆಗೆ ಈಸ್ಟ್ ಬೆಂಗಾಲ್‌ಗೆ ಆಡಿದ ಅಹ್ಮದ್ ಬಳಿಕ ಊರಿಗೆ ಮರಳಿದರು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. ಆ ಕಾಲದ ಆಟಗಾರರಿಗೆ ಕೋಟಿಗಳ ಒಪ್ಪಂದವಿರಲಿಲ್ಲ, ದೂರದರ್ಶನದಲ್ಲಿ ಮುಖ ಕಾಣುವ ಅವಕಾಶವೂ ಇರಲಿಲ್ಲ. ಉಳಿದದ್ದು ನೋಡಿದವರ ನೆನಪು. 2017ರಲ್ಲಿ ಅವರು ತೀರಿಕೊಂಡಾಗ ಪಂಚ ಪಾಂಡವರ ಕೊನೆಯ ಕೊಂಡಿ ಕಳಚಿತೆಂದು ಕಲ್ಕತ್ತದ ಫುಟ್ಬಾಲ್ ಲೋಕ ಮರುಗಿತು.

ಇಲ್ಲಿನ ಕನ್ನಡಿಗರಿಗೇನು?

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಹೆಜ್ಜೆ ಬಿದ್ದದ್ದು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಅಹ್ಮದ್ ಆಟ ನಿಲ್ಲಿಸಿ ಮೂರು ವರ್ಷ ಕಳೆದಿತ್ತು. ಆಮೇಲೆ ಇಲ್ಲಿಯ ಕಾರ್ಖಾನೆಗಳಿಗೆ, ಕ್ಯಾಂಟೀನುಗಳಿಗೆ, ಸುತ್ತಲಿನ ಕಿಸನ್ ನಗರ, ಶ್ರೀನಗರಗಳ ಚಾಳುಗಳಿಗೆ ಕರ್ನಾಟಕದ ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಜನ ಬಂದರು. ಅವರು ಅಹ್ಮದ್ ಆಟವನ್ನು ಇಲ್ಲಿ ಕಂಡವರಲ್ಲ. ಆದರೆ ಅವರ ಬದುಕು ನಡೆದದ್ದು ಅಹ್ಮದ್ ನಡೆದ ದಾರಿಯಲ್ಲೇ. ಭಾಷೆ ಗೊತ್ತಿಲ್ಲದ ಊರಿಗೆ ಬಂದು, ಕೈಯ ಕಸುಬನ್ನೇ ಭಾಷೆ ಮಾಡಿಕೊಂಡು, ಕೊನೆಗೆ ಆ ಊರಿನವರಿಂದಲೇ ನಮ್ಮವರೆನ್ನಿಸಿಕೊಂಡವರು ಇವರು. ಇಂದು ಅಲ್ಲಿನ ಅನೇಕ ಕಾರ್ಖಾನೆಗಳ ಶೆಡ್‌ಗಳಿದ್ದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳೆದ್ದಿವೆ. ಲೇತ್ ಯಂತ್ರದ ಮುಂದೆ ಹಗಲು ರಾತ್ರಿ ಪಾಳಿ ದುಡಿದವರ ಹೆಸರು ಆ ಗಾಜಿನ ಮೇಲೆ ಎಲ್ಲೂ ಇಲ್ಲ. ಮರೆವು ಎಷ್ಟು ಬೇಗ ಬರುತ್ತದೆ ಎಂಬುದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಫುಟ್ಬಾಲ್‌ನ ಮಟ್ಟಿಗೂ ಅದೇ ಕಥೆ. ರೋವರ್ಸ್ ಕಪ್ 2000-01ರ ಬಳಿಕ ನಿಂತೇಹೋಯಿತು. ಅದರೊಂದಿಗೆ ಬೆಂಗಳೂರು, ಕಲ್ಕತ್ತ, ಹೈದರಾಬಾದ್ ತಂಡಗಳನ್ನು ನೋಡಲು ಕೂಪರೇಜ್‌ಗೆ ಲೋಕಲ್ ಹಿಡಿಯುವ ನೆಪವೂ ಹೋಯಿತು. ಈಗಿನ ಹುಡುಗರು ಬಾಡಿಗೆ ಟರ್ಫ್‌ಗಳಲ್ಲಿ ದೀಪದ ಬೆಳಕಿನಲ್ಲಿ ಆಡುತ್ತಾರೆ. ಬೆನ್ನ ಮೇಲೆ ಮೆಸ್ಸಿ, ರೊನಾಲ್ಡೊ ಹೆಸರು. ಅದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನ ಗೌತಂಪುರದಲ್ಲೇ ಪೆಲೆಯ ಪ್ರತಿಮೆ ಇದೆ. ಆದರೆ ಪೆಲೆ ಮೊದಲ ವಿಶ್ವಕಪ್ ಆಡುವುದಕ್ಕೆ ಹತ್ತು ವರ್ಷ ಮುಂಚೆಯೇ ಒಲಿಂಪಿಕ್ಸ್ ಆಡಿಬಂದ ಹುಡುಗರು ನಮ್ಮೂರಲ್ಲಿದ್ದರೆಂಬುದೂ ಮಕ್ಕಳಿಗೆ ತಿಳಿದಿರಬೇಕಲ್ಲವೇ?

ಬೇರು ಒಣಗಿಲ್ಲ ಎಂಬುದಕ್ಕೆ ಸಾಕ್ಷಿಯೂ ಇದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಗೆಲುವು 1968-69ರದು, ಮೈಸೂರು ಎಂಬ ಹೆಸರಿನಲ್ಲಿ. ನಡುವೆ 54 ವರ್ಷ ಕಳೆದಿತ್ತು.

ಮಹಾನಗರದ ಮತ್ತು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳು ಪ್ರತಿವರ್ಷ ಕ್ರೀಡಾಕೂಟ ನಡೆಸುತ್ತವೆ. ಹಗ್ಗಜಗ್ಗಾಟ, ವಾಲಿಬಾಲ್, ತ್ರೋಬಾಲ್, ಕಬಡ್ಡಿ, ಕ್ರಿಕೆಟ್‌ಗೆ ಫಲಕಗಳಿವೆ. ಯುವ ವಿಭಾಗದವರು ಮನಸ್ಸು ಮಾಡಿದರೆ ಏಳು ಜನರ ಒಂದು ಫುಟ್ಬಾಲ್ ಪಂದ್ಯಕ್ಕೆ ಅಹ್ಮದ್ ಖಾನ್ ಹೆಸರಿನ ಫಲಕವಿಡುವುದು ದೊಡ್ಡ ಖರ್ಚಿನ ಮಾತಲ್ಲ. ರೋವರ್ಸ್ ಕಪ್ ಪಂದ್ಯಗಳನ್ನು ಕಣ್ಣಾರೆ ಕಂಡ ಹಿರಿಯರನ್ನು ಅಂದು ಕರೆದು ಮಾತಾಡಿಸಬಹುದು, ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಡಬಹುದು. 1949ರ ಪಂದ್ಯವನ್ನು ಹತ್ತು ವರ್ಷದ ಹುಡುಗನಾಗಿ ನೋಡಿದವರಿಗೂ ಈಗ ಎಂಬತ್ತೈದು ದಾಟಿದೆ. ಕಾಯುವಷ್ಟು ಕಾಲ ಉಳಿದಿಲ್ಲ.

ತಮ್ಮವನಲ್ಲದ ಒಬ್ಬ ಆಟಗಾರನನ್ನು ಕಲ್ಕತ್ತ ಏಳು ದಶಕ ಎದೆಯಲ್ಲಿಟ್ಟುಕೊಂಡಿತು. ತಮ್ಮವನೇ ಆದ ಆಟಗಾರನಿಗಾಗಿ ಕನ್ನಡಿಗರು ಡಿಸೆಂಬರ್ 24ರ ಒಂದು ಸಂಜೆಯನ್ನು ತೆಗೆದಿಟ್ಟರೆ ಸಾಕು.